ನೇರಪ್ರಸಾರ ಅಂತ ಬರೆದಿತ್ತು

ಹುಡುಗಿಯರ ಹಾಸ್ಟೆಲ್, ದೊಡ್ಡಬಳ್ಳಾಪುರ
19 ಸೆಪ್ಟೆಂಬರ್ 2024

ಡಾಕ್ಟರ್ ವೆಂಕಟರಾಮಪ್ಪ ಸರ್ ಅವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹೆಸರು ನಿಶತ್, ಫಸ್ಟ್ ಇಯರ್ ಬಿ.ಕಾಂ. ಅಡ್ರೆಸ್‌ಗೆ ನಿಮ್ಮ ಹೆಸರು ಮತ್ತು ಸೂಲಿಬೆಲೆ ಎಂದಷ್ಟೇ ಬರೆದಿದ್ದೇನೆ. ಅಷ್ಟು ಸಾಕು, ಪೋಸ್ಟ್‌ನವರಿಗೆ ಗೊತ್ತಾಗುತ್ತದೆ ಎಂದು ಬೂದಿಗೆರೆಯ ಅಕ್ಕಯಮ್ಮ ಎಂಬವರು ಫೋನಿನಲ್ಲಿ ಹೇಳಿದರು. ಅವರು ನನಗೆ ಯಾಕೆ ಫೋನ್ ಮಾಡಿದರು ಎಂಬುದೇ ಈ ಪತ್ರದ ವಿಷಯ.

ಕಾಲೇಜಿಗೆ ಸೇರಿದಾಗ ನಾನು ಹೊಸ ಸಿಮ್ ತಗೊಂಡೆ. ಅದರ ಮುಂದಿನ ಬುಧವಾರ ಸಂಜೆ ಆರೂವರೆಗೆ ಫೋನ್ ಶುರುವಾಯಿತು. ಮೊದಲನೆಯವರು, "ಡಾಕ್ಟ್ರೇ, ನಮ್ ಕರ ಹಾಲು ಕುಡೀತಿಲ್ಲ" ಎಂದರು. ರಾಂಗ್ ನಂಬರ್ ಎಂದೆ. "ರಾಂಗ್ ಎಂಗಾಯ್ತದೆ, ಟೀವೀಲಿ ಕಾಣ್ತಾ ಐತಲ್ಲ" ಎಂದರು. ಇಟ್ಟ ತಕ್ಷಣ ಇನ್ನೊಬ್ಬರು. ಏಳು ಗಂಟೆಯವರೆಗೂ ಹೀಗೇ. ಫೋನ್ ರಿಂಗ್ ಆದರೆ ನನಗೆ ಮೊದಲಿನಿಂದಲೂ ಭಯ. ಅವತ್ತು ಊಟ ಮಾಡಲಿಲ್ಲ.

ನನ್ನ ರೂಮ್‌ಮೇಟ್ ಪವಿತ್ರ ಕಂಡುಹಿಡಿದಳು. ಸರ್ಕಾರಿ ಚಾನೆಲ್‌ನಲ್ಲಿ ಬರುವ ನಿಮ್ಮ 'ಕೊಟ್ಟಿಗೆ ಕರೆ' ಕಾರ್ಯಕ್ರಮದ ಕೆಳಗೆ ಓಡುವ ನಂಬರ್ ಈಗ ನನ್ನದು. ಚಾನೆಲ್‌ನವರು ಖರ್ಚು ಕಡಿಮೆ ಮಾಡಲು ಆ ಲೈನ್ ಬಿಟ್ಟುಕೊಟ್ಟಿರಬೇಕು, ಕಂಪನಿಯವರು ನನಗೆ ಕೊಟ್ಟರು. ನಂಬರ್ ಬದಲಾಯಿಸೋಣ ಎಂದರೆ ಬ್ಯಾಂಕು, ಸ್ಕಾಲರ್‌ಶಿಪ್ಪು, ಎಲ್ಲದಕ್ಕೂ ಇದನ್ನೇ ಕೊಟ್ಟಾಗಿದೆ.

ದಯವಿಟ್ಟು ಮುಂದಿನ ವಾರದ ಕಾರ್ಯಕ್ರಮದಲ್ಲಿ ನಂಬರ್ ಬದಲಾಗಿದೆ ಎಂದು ನೀವೇ ಹೇಳುತ್ತೀರಾ? ನೀವು ಹೇಳಿದರೆ ಜನ ಕೇಳುತ್ತಾರೆ. ನಿಮ್ಮ ದನಿ ತುಂಬ ಧೈರ್ಯದ್ದು.

ತಪ್ಪು ಬರೆದಿದ್ದರೆ ಕ್ಷಮಿಸಿ. ಮನೆಯಲ್ಲಿ ದಖನಿ ಉರ್ದು, ಮೂರನೇ ಕ್ಲಾಸಿನಿಂದ ಮಡಿಕೇರಿಯ ಹಾಸ್ಟೆಲ್‌ನಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಒಳ್ಳೆಯ ಮಾರ್ಕ್ಸ್ ಬರುತ್ತಿತ್ತು, ಆದರೆ ಕನ್ನಡದಲ್ಲಿ ಯಾರೊಂದಿಗೂ ಜಗಳ ಆಡಿ ಗೊತ್ತಿಲ್ಲ.

ಇಂತಿ,
ನಿಶತ್

*

ಹೊಸಪೇಟೆ
7 ಅಕ್ಟೋಬರ್ 2024

ಕುಮಾರಿ ನಿಶತ್ ಅವರಿಗೆ,

ತಮ್ಮ ಪತ್ರ ಸೂಲಿಬೆಲೆಗೆ ಹೋಗಿ, ನನ್ನ ತಮ್ಮನ ಮನೆಯ ಕಿಟಕಿಯಲ್ಲಿ ಕೆಲವು ದಿನ ಕುಳಿತು, ಇಲ್ಲಿಗೆ ಬಂದಿದೆ. ನನ್ನ ಹೆಂಡತಿ ಇಲ್ಲಿನ ಕಾಲೇಜಿನ ಪ್ರಿನ್ಸಿಪಾಲರು. ಅವರ ಜೊತೆಗೆ ಬಂದವನು ನಾನು.

ಮೊದಲನೆಯ ವಿಷಯ: ನಾನು ಈಗ ಯಾವ ಕಾರ್ಯಕ್ರಮದಲ್ಲೂ ಇಲ್ಲ. ಕಳೆದ ವರ್ಷ ನನ್ನ ಗುತ್ತಿಗೆ ಮುಗಿಯಿತು, ಮುಂದುವರಿಸಲು ಅನುದಾನ ಇಲ್ಲ ಎಂದರು. ತಾವು ನೋಡುತ್ತಿರುವುದು ಹಳೆಯ ಕಂತುಗಳ ಮರುಪ್ರಸಾರ ಇರಬೇಕು. ಅದೂ ನಡೆಯುತ್ತಿದೆ ಎಂದು ತಮ್ಮ ಪತ್ರದಿಂದಲೇ ತಿಳಿಯಿತು. ನಾನು ಟಿವಿ ನೋಡುವುದಿಲ್ಲ. ಫೋನನ್ನೂ ಇಟ್ಟುಕೊಂಡಿಲ್ಲ.

ಎರಡನೆಯದು: ತಮಗೆ ಆಗುತ್ತಿರುವ ತೊಂದರೆಗೆ ನಾನು ಜವಾಬ್ದಾರನಲ್ಲ. ಆದರೂ ಚಾನೆಲ್‌ನ ಬೆಂಗಳೂರು ಕೇಂದ್ರದ ನಿರ್ದೇಶಕರಿಗೆ ಬರೆಯಬಹುದಾದ ದೂರಿನ ಕರಡು ಒಂದನ್ನು ಲಗತ್ತಿಸಿದ್ದೇನೆ. ಸಹಿ ಮಾಡಿ ಕಳಿಸಿ. ನಂಬರನ್ನು ತೆಗೆಯುತ್ತಾರೆ. ಹೇಗಿದ್ದರೂ ಆ ಕಾರ್ಯಕ್ರಮವನ್ನು ಈಗ ಯಾರೂ ನೋಡುವುದಿಲ್ಲ ಎಂದು ಅವರೇ ಲೆಕ್ಕ ತೋರಿಸಿದ್ದರು.

ತಮ್ಮ ಕನ್ನಡದಲ್ಲಿ ತಪ್ಪಿಲ್ಲ.

ವೆಂಕಟರಾಮಪ್ಪ

*

ದೊಡ್ಡಬಳ್ಳಾಪುರ
17 ಅಕ್ಟೋಬರ್ 2024

ಸರ್ ಅವರಿಗೆ ನಮಸ್ಕಾರ.

ನಿಮಗೆ ಕೋಪ ಬಂದಿದೆ ಎಂದು ಅರ್ಥವಾಯಿತು. ನಾನು ದೂರು ಹೇಳಲು ಬರೆದದ್ದಲ್ಲ ಸರ್. ನಿಮ್ಮ ಕರಡು ತುಂಬ ಚೆನ್ನಾಗಿದೆ, ಇನ್ನೂ ಕಳಿಸಿಲ್ಲ. ಸಹಿ ಮಾಡಲು ಕೂತರೆ ಭಯವಾಗುತ್ತದೆ.

ಒಂದು ವಿಷಯ ಕೇಳಬೇಕಿತ್ತು. ಅದು ಮರುಪ್ರಸಾರ ಅಂತ ನಮಗೆ ಹೇಗೆ ಗೊತ್ತಾಗಬೇಕು? ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ನೇರಪ್ರಸಾರ' ಅಂತಲೇ ಇದೆ. ನೀವು, "ಹಾಂ, ಲೈನಲ್ಲಿ ಯಾರಿದೀರಾ, ಮಾತಾಡಿ" ಎನ್ನುತ್ತೀರಿ. ಅದೇ ಹೊತ್ತಿಗೆ ನನ್ನ ಫೋನಿನಲ್ಲಿ, "ನಾನೇ ಸ್ವಾಮಿ, ಗೋಪಾಲಪ್ಪ, ನಂದಗುಡಿ ಕಡೆಯಿಂದ" ಎನ್ನುತ್ತಾರೆ. ಅತ್ತ ಟಿವಿಯಲ್ಲಿ ಬೇರೆ ಯಾರೋ ಮಾತಾಡಿ ನೀವು ಅವರಿಗೆ ಉತ್ತರ ಕೊಡುತ್ತೀರಿ. ಇವರು, "ನನ್ನ ಲೈನ್ ಕಟ್ ಮಾಡ್ಬಿಟ್ರಲ್ಲ ಡಾಕ್ಟ್ರು" ಎಂದು ಬೇಜಾರು ಮಾಡಿಕೊಳ್ಳುತ್ತಾರೆ.

ಅಕ್ಕಯಮ್ಮನ ಕಥೆ ಇನ್ನೂ ಕಷ್ಟ. ಫೋನ್ ಮಾಡುವ ಮೊದಲು ಅವರು ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಕೂರುತ್ತಾರಂತೆ. "ನಾನೀಗ ಟೀವೀಲಿ ಬತ್ತಾ ಇದೀನಾ ಮಗಾ?" ಎಂದು ಪ್ರತಿ ವಾರ ಕೇಳುತ್ತಾರೆ. ಫೋನಿನವರ ಮುಖ ಟಿವಿಯಲ್ಲಿ ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು. ನನ್ನ ಫ್ರೆಂಡ್ ಮನೆಯ ಹಸುವಿನ ಬಗ್ಗೆ ಕೆಲವು ಡೌಟ್ ಇದ್ದವು, ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಬಿಡುವಿದ್ದರೆ ಉತ್ತರ ಬರೆಯಿರಿ. ಬಿಡುವಿಲ್ಲದಿದ್ದರೆ ಬೇಡ.

ನಿಶತ್

*

ಹೊಸಪೇಟೆ
26 ಅಕ್ಟೋಬರ್ 2024

ನಿಶತ್ ಅವರಿಗೆ,

ಕೋಪ ಬಂದಿತ್ತು, ನಿಜ. ನಿಮ್ಮ ಮೇಲೆ ಅಲ್ಲ.

ನಿಮ್ಮ ಸ್ನೇಹಿತೆಯ ಹಸು ಸಾಮಾನ್ಯದ್ದಲ್ಲ. ಹೊಸಕೋಟೆ ಕಡೆ ಕರು ಹಾಕಿದೆ, ನೆಲಮಂಗಲದಲ್ಲಿ ಕಾಲು ಕುಂಟುತ್ತಿದೆ, ದೇವನಹಳ್ಳಿಯಲ್ಲಿ ಎಮ್ಮೆಯಾಗಿದೆ. ಇರಲಿ. ಎಲ್ಲಕ್ಕೂ ಉತ್ತರ ಬರೆದಿದ್ದೇನೆ. ಎಲ್ಲದರ ಕೊನೆಗೂ 'ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ' ಎಂದಿದೆ. ಅದನ್ನು ಬಿಡಬೇಡಿ. ಪತ್ರ ಹೋಗಿ ಸೇರುವಷ್ಟು ಹೊತ್ತು ಯಾವ ಹಸುವೂ ಕಾಯುವುದಿಲ್ಲ.

ಮೂಲೆಯಲ್ಲಿ ಆ 'ನೇರಪ್ರಸಾರ' ಇನ್ನೂ ಇದೆ ಎಂಬ ಸಾಲನ್ನು ಎರಡು ಸಲ ಓದಿದೆ. ಅದನ್ನು ಚಿತ್ರದ ಮೇಲೆಯೇ ಅಚ್ಚು ಹಾಕುತ್ತಿದ್ದರು. ಅಳಿಸಲು ಒಬ್ಬ ಎಡಿಟರ್ ಕೂತು ಕೆಲಸ ಮಾಡಬೇಕು. ಎಡಿಟರ್ ಇರಲಾರ.

ಕೇಳಿದಿರಿ ಎಂದಲ್ಲ, ಆದರೂ ಬರೆಯುತ್ತೇನೆ. ಮೊದಲು ನಮ್ಮ ವ್ಯಾನ್ ಹೋಯಿತು. ಆಮೇಲೆ ಹಳ್ಳಿಗಳಿಗೆ ಹೋಗುವುದನ್ನು ಬಿಟ್ಟು ಸ್ಟುಡಿಯೋದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮುಂದೆ ಕೂತೆವು. ಒಂದು ದೀಪ ಸುಟ್ಟುಹೋಯಿತು, ಹೊಸದು ಬರಲಿಲ್ಲ. ನಾನು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡೆ. ಮೇಕಪ್ಪಿನವರನ್ನು ಕಳಿಸಿದರು, ಮನೆಯಿಂದ ಪೌಡರ್ ಹಾಕಿಕೊಂಡು ಹೋದೆ. ಫೋನ್ ಎತ್ತುತ್ತಿದ್ದ ಹುಡುಗಿಯನ್ನು ಕಳಿಸಿದರು, ನಾನೇ ಎತ್ತಿದೆ. ಕೊನೆಗೆ ತೆಗೆಯಲು ಉಳಿದದ್ದು ನಾನೊಬ್ಬನೇ. ಈಗ ಇಲ್ಲಿ ಅಡುಗೆ ಮಾಡುತ್ತೇನೆ. ಪ್ರಿನ್ಸಿಪಾಲರಿಗೆ ಸಾರಿನ ಮೇಲೆ ದೂರಿಲ್ಲ.

ಅಕ್ಕಯಮ್ಮನವರಿಗೆ ಏನು ಹೇಳಬೇಕೆಂದು ನನಗೂ ತೋಚುತ್ತಿಲ್ಲ.

ವೆಂಕಟರಾಮಪ್ಪ

*

ದೊಡ್ಡಬಳ್ಳಾಪುರ
14 ನವೆಂಬರ್ 2024

ಸರ್,

ಮೊದಲು ಕ್ಷಮೆ. ಫ್ರೆಂಡ್ ಮನೆಯಲ್ಲಿ ಹಸುಗಳಿವೆ. ಪವಿತ್ರಳ ಊರು ಮಾಕಳಿದುರ್ಗ ಬೆಟ್ಟದ ಬುಡದಲ್ಲೇ, ನಾಲ್ಕು ಹಸು ಕಟ್ಟಿದ್ದಾರೆ. ಆದರೆ ನಾನು ಬರೆದ ಹಸುಗಳು ಅವರವಲ್ಲ. ಬುಧವಾರ ನಾನು ಈಗ ಫೋನ್ ಕಟ್ ಮಾಡುವುದಿಲ್ಲ. "ನಮಸ್ಕಾರ, ಕೊಟ್ಟಿಗೆ ಕರೆ" ಎಂದೇ ಎತ್ತುತ್ತೇನೆ. ಸರ್ಕಾರಿ ಕಾರ್ಯಕ್ರಮದ ಹೆಸರು ಹೇಳಿದ್ದಕ್ಕೆ ಪೊಲೀಸ್ ಕೇಸ್ ಆಗುತ್ತದಾ?

ನಾನಾಗಿ ಒಂದು ಔಷಧವನ್ನೂ ಹೇಳಿಲ್ಲ ಸರ್. ಪ್ರಶ್ನೆ ಬರೆದುಕೊಳ್ಳುತ್ತೇನೆ, ಅವರ ಹೋಬಳಿಯ ಪಶು ಆಸ್ಪತ್ರೆಯ ಫೋನ್ ಹುಡುಕಿ ಕೊಡುತ್ತೇನೆ, ನಿಮ್ಮ ಉತ್ತರ ಬಂದ ಮೇಲೆ ನಾನೇ ಫೋನ್ ಮಾಡಿ ಓದುತ್ತೇನೆ. ಪವಿತ್ರ ಪಕ್ಕದಲ್ಲಿ ಕೂತು, "ಕೆಚ್ಚಲು ಅಂದ್ರೆ ಏನು ಅಂತ ಮತ್ತೆ ಕೇಳ್ಬೇಡ ಕಣೇ, ಮಾನ ಹೋಗುತ್ತೆ" ಎಂದು ಪಿಸುಗುಡುತ್ತಿರುತ್ತಾಳೆ.

ಈ ವಾರದ ಪ್ರಶ್ನೆಗಳ ಜೊತೆಗೆ ಒಂದು ಸುಳ್ಳು ಕರೆಯೂ ಇದೆ. ಒಬ್ಬರು ಹಿರಿಯರು ಮಾಡಿದ್ದರು. "ನಮ್ಮ ಎಮ್ಮೆ ಹಾಲು ಕರೆಯೋಕೆ ಹೋದ್ರೆ ಮುಖ ತಿರುಗಿಸ್ಕೊಂಡು ನಿಲ್ಲುತ್ತೆ, ಏನ್ಮಾಡ್ಲಿ?" ಎಂದರು. ಪವಿತ್ರ ಹೇಳಿಕೊಟ್ಟಳು, ನಾನು ಕೇಳಿದೆ: "ಕರೆಯೋದು ಯಾರು, ನೀವೇನಾ?" "ಇಷ್ಟು ವರ್ಷ ನಾನೇ." "ಮಧ್ಯದಲ್ಲಿ ಬಿಟ್ಟಿದ್ರಾ?" ಆಮೇಲೆ, "ಬಿಟ್ಟಿದ್ದೆ" ಎಂದರು. "ಹಂಗಾದ್ರೆ ಅದಕ್ಕೆ ನಿಮ್ಮ ಮೇಲೆ ಮುನಿಸು. ದಿನಾ ಹೋಗಿ ಮೈ ಸವರಿ, ಸರಿಹೋಗುತ್ತೆ" ಎಂದೆ. ಥ್ಯಾಂಕ್ಸ್ ಕೂಡ ಹೇಳದೆ ಇಟ್ಟುಬಿಟ್ಟರು. ಅವರ ಮನೆಯಲ್ಲಿ ಎಮ್ಮೆ ಇಲ್ಲ ಸರ್, ನನಗೆ ಗ್ಯಾರಂಟಿ. ಹಿಂದೆ ಕುಕ್ಕರ್ ಕೂಗಿದಾಗಲೆಲ್ಲ ಮಾತು ನಿಲ್ಲಿಸಿ ವಿಸಿಲ್ ಎಣಿಸುತ್ತಿದ್ದರು.

ಈಗ ಮುಖ್ಯವಾದದ್ದು. ನಂದಗುಡಿಯ ಗೋಪಾಲಪ್ಪನವರ ಹಸುವಿಗೆ ಮೈಮೇಲೆಲ್ಲ ಗಂಟು ಎದ್ದಿವೆ. ಹೋದ ವಾರದ ಕಂತಿನಲ್ಲಿ ನೀವು ಅಂಥದ್ದಕ್ಕೇ, "ಹುಳ ಕಚ್ಚಿರೋದು, ಬೇವಿನ ಸೊಪ್ಪು ಅರೆದು ಹಚ್ಚಿ, ತಾನಾಗೇ ಇಳಿಯುತ್ತೆ" ಎಂದಿರಿ. ಅವರು ಹಚ್ಚಿ, ಹಸುವನ್ನು ಬೇರೆ ಹಸುಗಳ ಜೊತೆಯಲ್ಲೇ ಕಟ್ಟಿದ್ದಾರೆ. ಪವಿತ್ರ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಅಣ್ಣಾ, ಅದು ಚರ್ಮಗಂಟು ರೋಗ ಇರ್ಬೋದು, ಈಗ್ಲೇ ಬೇರೆ ಕಟ್ಟಿ, ಡಾಕ್ಟ್ರನ್ನ ಕರೀರಿ" ಎಂದಳು. ಅವರು, "ನೀನ್ಯಾರವ್ವಾ ಹೇಳಾಕೆ? ಟೀವೀಲಿ ಡಾಕ್ಟ್ರೇ ಅವ್ರಲ್ಲ, ನೇರಪ್ರಸಾರ ಅಂತ ಬರ್ದೈತೆ" ಎಂದು ಇಟ್ಟರು.

ನಾವೇನು ಮಾಡಬೇಕು ಸರ್? ಇದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ.

ನಿಶತ್

*

ಹೊಸಪೇಟೆ
18 ನವೆಂಬರ್ 2024

ಅಮ್ಮಾ ನಿಶತ್,

ಮೊನ್ನೆ ಫೋನಿನಲ್ಲಿ ಗೋಪಾಲಪ್ಪನ ನಂಬರ್ ಕೇಳಿ ಇಟ್ಟುಬಿಟ್ಟೆ. ಪತ್ರ ಓದಿದ ಕೂಡಲೇ ಪ್ರಿನ್ಸಿಪಾಲರ ಫೋನ್ ಕಸಿದುಕೊಂಡೇ ಮಾತಾಡಿದ್ದು. ನಿಮ್ಮ ನಂಬರ್ ಯಾರನ್ನೂ ಕೇಳಬೇಕಾಗಿರಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆ ನಂಬರಿಗೆ ನಾನು ಮೊದಲೇ ಒಮ್ಮೆ ಫೋನ್ ಮಾಡಿದ್ದೆ. ಎಮ್ಮೆಯೂ ನನ್ನದೇ, ಕುಕ್ಕರೂ ನನ್ನದೇ. ನೀವು ಕೊಟ್ಟ ಉತ್ತರ ಸರಿಯಾಗಿತ್ತು. ಅವತ್ತು ಹೇಳದ ಥ್ಯಾಂಕ್ಸನ್ನು ಈಗ ಹೇಳುತ್ತಿದ್ದೇನೆ.

ಗೋಪಾಲಪ್ಪ ಮೊದಲು ನನ್ನನ್ನೇ ನಂಬಲಿಲ್ಲ. "ನೀವು ಡಾಕ್ಟ್ರಾದ್ರೆ ಟೀವೀಲಿರೋರು ಯಾರು?" ಎಂದ. ಕೊನೆಗೆ, ಹಿಂದೆ ನಾನೇ ನೋಡಿದ್ದ ಅವನ ಅಪ್ಪನ ಕಾಲದ ಜೋಡಿ ಎತ್ತುಗಳ ಬಣ್ಣ ಹೇಳಿದ ಮೇಲೆ ಒಪ್ಪಿದ. ಹಸುವನ್ನು ಬೇರೆ ಕಟ್ಟಿದ್ದಾನೆ, ಪಶು ಆಸ್ಪತ್ರೆಯವರು ಬಂದು ನೋಡಿದ್ದಾರೆ. ಮೇಯುತ್ತಿದೆ. ಪವಿತ್ರಳಿಗೆ ಹೇಳಿ, ಅವಳ ಮಾತೇ ಸರಿ.

ಆ ಕಂತು ಚಿತ್ರೀಕರಿಸಿದಾಗ ಈ ರೋಗ ನಮ್ಮ ಕಡೆ ಬಂದಿರಲೇ ಇಲ್ಲ. ಅವತ್ತಿಗೆ ನಾನು ಹೇಳಿದ್ದು ಸರಿ, ಇವತ್ತಿಗೆ ಅದು ಹಸುವನ್ನು ಕೊಲ್ಲುವ ಮಾತು. ಕಾರ್ಯಕ್ರಮ ನಿಂತುಹೋದರೂ ಸರಿ ಎಂದುಕೊಂಡಿದ್ದೆ, ಅದು ಹೀಗೆ ನನ್ನ ಬಾಯಲ್ಲೇ ತಪ್ಪು ಹೇಳಿಸುತ್ತ ನಡೆಯುತ್ತದೆ ಎಂದುಕೊಂಡಿರಲಿಲ್ಲ. ಕೇಂದ್ರಕ್ಕೆ ಬರೆದಿದ್ದೇನೆ. ಒಂದೋ ಮರುಪ್ರಸಾರ ಎಂದು ದೊಡ್ಡದಾಗಿ ಹಾಕಿ, ಇಲ್ಲವೇ ನಿಲ್ಲಿಸಿ.

ಬುಧವಾರದ ಪ್ರಶ್ನೆಗಳಿಗೆ ಇನ್ನು ಸಂಜೆಯೇ ಫೋನ್ ಮಾಡುತ್ತೇನೆ. ಉಳಿದದ್ದಕ್ಕೆ ಪತ್ರವೇ ಇರಲಿ. ದನದ ವಿಷಯ ಬಿಟ್ಟರೆ ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ.

ವೆಂಕಟರಾಮಪ್ಪ

*

ದೊಡ್ಡಬಳ್ಳಾಪುರ
12 ಡಿಸೆಂಬರ್ 2024

ಸರ್,

ನಿಮ್ಮ ಪತ್ರಕ್ಕೆ ಕೇಂದ್ರದಿಂದ ಉತ್ತರ ಬಂದಿರುವುದಿಲ್ಲ ಎಂದು ನನಗೆ ಗೊತ್ತು. ಯಾಕೆಂದರೆ ಅದು ಒಡೆಯದೆ ಮೇಜಿನ ಮೇಲೆ ಇದ್ದದ್ದನ್ನು ನಾನೇ ನೋಡಿದೆ. ನಿಮಗೆ ಹೇಳದೆ ಬೆಂಗಳೂರಿಗೆ ಹೋಗಿದ್ದೆವು. ಪವಿತ್ರ ಎಳೆದುಕೊಂಡು ಹೋದಳು. ಗೇಟಿನ ಹತ್ತಿರ ನಾನು ನಿಂತುಬಿಟ್ಟು, "ನಾಳೆ ಬರೋಣ" ಎಂದೆ. "ನಾಳೆ ನನಗೆ ಟೆಸ್ಟ್ ಇದೆ, ನಡಿಯೇ" ಎಂದಳು.

ಮೂರು ಜನರ ಮೇಜುಗಳಿದ್ದ ರೂಮಿನಲ್ಲಿ ದೇವೇಂದ್ರ ಎನ್ನುವ ಪ್ರೊಡ್ಯೂಸರ್ ಒಬ್ಬರೇ ಇದ್ದರು. ನಿಮ್ಮ ಹೆಸರು ಹೇಳಿದ ಕೂಡಲೇ ಎದ್ದು ನಿಂತರು. ನಾನು ನೀವು ಉತ್ತರ ಬರೆದುಕೊಟ್ಟ ಪ್ರಶ್ನೆಗಳ ಹಾಳೆಗಳನ್ನು ತೋರಿಸಿ, ಗೋಪಾಲಪ್ಪನವರ ಹಸುವಿನ ಕಥೆ ಹೇಳಿದೆ. ಮಧ್ಯೆ ಅರ್ಧ ಇಂಗ್ಲಿಷ್ ಬಂದುಬಿಟ್ಟಿತು.

"ಯಾರೂ ನೋಡಲ್ಲ ಅಂತ ನಮ್ಮ ರಿಪೋರ್ಟ್ ಹೇಳುತ್ತೆ" ಎಂದರು.

"ನಿಮ್ಮ ರಿಪೋರ್ಟ್‌ಗೆ ಒಂದ್ ಬುಧವಾರ ಇವಳ ಫೋನ್ ಕೊಡಿ ಸಾರ್" ಎಂದಳು ಪವಿತ್ರ.

ಅವರು ನಕ್ಕರು. ಆಮೇಲೆ ನಿಜ ಹೇಳಿದರು. ಮಾರ್ಚ್ ಮುಗಿದ ಮೇಲೆ ಆ ಅರ್ಧ ಗಂಟೆಯನ್ನು ಜಾಹೀರಾತಿನವರಿಗೆ ಕೊಡುವ ಮಾತಿದೆಯಂತೆ, ಮರುಪ್ರಸಾರವೂ ಇರುವುದಿಲ್ಲ. ಅದಕ್ಕೂ ಮೊದಲು ಹೊಸದಾಗಿ ಏನಾದರೂ ಮಾಡಿ ತೋರಿಸಿದರೆ ಮೇಲಿನವರ ಹತ್ತಿರ ಅವರು ಮಾತಾಡಬಲ್ಲರಂತೆ. "ಆದ್ರೆ ಸ್ಟುಡಿಯೋ ಇಲ್ಲ, ಲೈಟ್ ಇಲ್ಲ, ವ್ಯಾನ್ ಇಲ್ಲ. ನಾನಿದೀನಿ, ಒಂದು ಕ್ಯಾಮೆರಾ ಇದೆ, ಬೆನ್ನಿಗೆ ಹಾಕ್ಕೊಂಡು ನೇರವಾಗಿ ಕಳಿಸೋ ಒಂದು ಪೆಟ್ಟಿಗೆ ಇದೆ. ಫೋನ್ ಲೈನಂತೂ ಇಲ್ವೇ ಇಲ್ಲ."

"ಫೋನ್ ಲೈನ್ ನನ್ನ ಹತ್ರ ಇದೆ ಸರ್" ಎಂದೆ. ನನ್ನ ಬಾಯಿಂದಲೇ ಬಂತು, ನಂಬಿ.

ಜಾಗ ಪವಿತ್ರಳ ಊರಿನ ಹಾಲಿನ ಡೇರಿ. ಸಂಜೆ ಎಲ್ಲರೂ ಹಾಲು ಹಾಕಲು ಅಲ್ಲಿಗೇ ಬರುತ್ತಾರೆ. ದಿನ, ಜನವರಿ ಇಪ್ಪತ್ತೆರಡು, ಬುಧವಾರ. ಸಂಕ್ರಾಂತಿ ಮುಗಿದು ದನಗಳ ಕೊಂಬಿನ ಬಣ್ಣ ಇನ್ನೂ ಇರುತ್ತದೆ.

ಡಾಕ್ಟರ್ ಬರುತ್ತಾರಾ ಎಂದು ಅವರು ಕೇಳಿದರು. ಬರುತ್ತಾರೆ ಎಂದುಬಿಟ್ಟೆ. ಬರುತ್ತೀರಲ್ಲ ಸರ್?

ನಿಶತ್

*

ಹೊಸಪೇಟೆ
20 ಡಿಸೆಂಬರ್ 2024

ಅಮ್ಮಾ ನಿಶತ್,

ನನ್ನನ್ನು ಕೇಳದೆ ಮಾತು ಕೊಡಬಾರದಿತ್ತು.

ನೀನು ಮಾಡಿದ್ದು ದೊಡ್ಡ ಕೆಲಸ. ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನ ಬದಲು ದೊಡ್ಡಬಳ್ಳಾಪುರದ ಪಶು ಆಸ್ಪತ್ರೆಯ ಯಾರನ್ನಾದರೂ ಕೂರಿಸಿ. ಹುಡುಗರು ಚೆನ್ನಾಗಿ ಓದಿಕೊಂಡಿರುತ್ತಾರೆ. ಇಲ್ಲಿ ಪ್ರಿನ್ಸಿಪಾಲರಿಗೆ ಪರೀಕ್ಷೆಯ ಸಮಯ, ಮನೆ ಬಿಟ್ಟು ಬರುವುದು ಕಷ್ಟ. ಚಳಿಗೆ ಮೊಣಕಾಲೂ ಹಿಡಿದುಕೊಂಡಿದೆ.

ಹೋದ ಬುಧವಾರ ಪಕ್ಕದ ಮನೆಯಲ್ಲಿ ಮೊದಲ ಸಲ ಆ ಮರುಪ್ರಸಾರ ನೋಡಿದೆ. ಆ ಮನುಷ್ಯನ ತಲೆಗೂದಲು ಕಪ್ಪಗಿದೆ. ಕೇಳಿದ ತಕ್ಷಣ ಉತ್ತರ ಕೊಡುತ್ತಾನೆ, ಎಲ್ಲೂ ತಡವರಿಸುವುದಿಲ್ಲ. ಜನಕ್ಕೆ ಗೊತ್ತಿರುವ ಡಾಕ್ಟರ್ ಅವನು. ಅವರ ಪಾಲಿಗೆ ಅವನೇ ಇರಲಿ.

ದೇವೇಂದ್ರನಿಗೆ ನನ್ನ ಆಶೀರ್ವಾದ ತಿಳಿಸು.

ವೆಂಕಟರಾಮಪ್ಪ

*

ದೊಡ್ಡಬಳ್ಳಾಪುರ
28 ಡಿಸೆಂಬರ್ 2024

ಸರ್,

ಕನ್ನಡದಲ್ಲಿ ಜಗಳ ಆಡಿ ಗೊತ್ತಿಲ್ಲ ಎಂದು ಮೊದಲ ಪತ್ರದಲ್ಲಿ ಬರೆದಿದ್ದೆ. ಇವತ್ತು ಆಡುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊಣಕಾಲು ನೋವು ಸುಳ್ಳು. ಪರೀಕ್ಷೆಯೂ ಸುಳ್ಳು. ಪ್ರಿನ್ಸಿಪಾಲ್ ಮೇಡಂ ನಿನ್ನೆ ನನಗೆ ಫೋನ್ ಮಾಡಿದ್ದರು. "ನನ್ನ ಹೆಸರು ಹೇಳ್ಕೊಂಡು ತಪ್ಪಿಸ್ಕೊಳ್ತಾ ಇದಾರೆ, ನೀನು ಬಿಡಬೇಡ. ನನಗೆ ಸಾರು ಮಾಡೋಕೆ ಬರುತ್ತೆ" ಎಂದರು.

ನಿಮಗೆ ಭಯ ಸರ್. ಭಯ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಅದಕ್ಕೇ ಗುರುತು ಸಿಕ್ಕಿತು. ಪ್ರತಿ ಬುಧವಾರ ಆರು ಇಪ್ಪತ್ತಕ್ಕೆ ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬರುತ್ತೇನೆ. ಆಮೇಲೆ ಫೋನ್ ಎತ್ತುತ್ತೇನೆ. ಎತ್ತಿದ ಮೇಲೂ ಭಯ ಇರುತ್ತದೆ, ಆದರೆ ಆ ಕಡೆಯವರಿಗೆ ಕರುವಿನ ಚಿಂತೆ. ಅವರಿಗೆ ನನ್ನ ಭಯ ನೋಡಲು ಪುರಸೊತ್ತಿಲ್ಲ.

ಕಪ್ಪು ಕೂದಲಿನವರು ಚೆನ್ನಾಗಿ ಮಾತಾಡುತ್ತಾರೆ, ಒಪ್ಪುತ್ತೇನೆ. ಆದರೆ ಅವರಿಗೆ ಚರ್ಮಗಂಟು ರೋಗ ಗೊತ್ತಿಲ್ಲ. ಅಕ್ಕಯಮ್ಮ ಪ್ರತಿ ವಾರ ಹೂ ಮುಡಿದು ಅವರನ್ನು ಮಾತಾಡಿಸುತ್ತಾರೆ, ಅವರಿಗೆ ಕೇಳಿಸುವುದಿಲ್ಲ. ನಿಮಗೆ ಕೇಳಿಸುತ್ತದೆ.

ಎಮ್ಮೆ ಮುಖ ತಿರುಗಿಸಿಕೊಂಡಿದೆ ಎಂದು ಕರೆ ಮಾಡಿದ್ದು ನೀವೇ. ಉತ್ತರ ಸರಿಯಾಗಿತ್ತು ಎಂದದ್ದೂ ನೀವೇ. ಹಾಗಿದ್ದರೆ ಬಂದು ಮೈ ಸವರಿ.

ನಿಶತ್

*

ಹೊಸಪೇಟೆ
4 ಜನವರಿ 2025

ನಿಶತಮ್ಮಾ,

ಜಗಳದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಟಿಕೆಟ್ ಆಗಿದೆ. ದೊಡ್ಡಬಳ್ಳಾಪುರದಲ್ಲಿ ಇಳಿಯುತ್ತೇನೆ. ಆ ರೈಲು ಮಾಕಳಿದುರ್ಗದ ಪಕ್ಕದಲ್ಲೇ ಹೋಗುತ್ತದೆ. ಡೇರಿಯಲ್ಲಿ ನನಗೆ ಕುರ್ಚಿ ಬೇಡ, ಹಸುವಿನ ಪಕ್ಕ ನಿಂತು ಮಾತಾಡುತ್ತೇನೆ. ಹಿಂದೆ ಪ್ಲಾಸ್ಟಿಕ್ ಹುಲ್ಲು ಇಡಲು ದೇವೇಂದ್ರ ನೋಡಿದರೆ ಹೊರಗೆ ಹಾಕಿ.

ಕೂದಲಿಗೆ ಬಣ್ಣ ಹಚ್ಚುವುದಿಲ್ಲ.

ವೆಂಕಟರಾಮಪ್ಪ

*

ದೊಡ್ಡಬಳ್ಳಾಪುರ
30 ಜನವರಿ 2025

ಸರ್,

ನೀವು ಸೂಲಿಬೆಲೆಗೆ ಹೋಗಿ ಹೊಸಪೇಟೆ ಮುಟ್ಟಿದ್ದೀರಿ ಎಂದು ಮೇಡಂ ಹೇಳಿದರು. ಎಷ್ಟು ಬೇಗ ಬರೆದರೂ ಮನಸ್ಸಿಗೆ ಸಾಲುತ್ತಿಲ್ಲ, ಮೊದಲು ಸುದ್ದಿ ಹೇಳಿಬಿಡುತ್ತೇನೆ.

ದೇವೇಂದ್ರ ಸರ್ ಬೆಳಿಗ್ಗೆ ಫೋನ್ ಮಾಡಿದ್ದರು. ಮಾರ್ಚ್ ನಂತರವೂ ಆ ಅರ್ಧ ಗಂಟೆ 'ಕೊಟ್ಟಿಗೆ ಕರೆ'ಗೇ. ಎರಡು ವಾರಕ್ಕೊಮ್ಮೆ ನೇರ, ಪ್ರತಿ ಸಲ ಬೇರೆ ಊರಿನ ಡೇರಿಯಿಂದ. ನಡುವಿನ ವಾರ ಹಳೆಯದೇ, ಆದರೆ ಪರದೆಯ ಮೇಲೆ ದೊಡ್ಡದಾಗಿ 'ಹಿಂದಿನ ಕಂತು' ಎಂದು ಇರುತ್ತದೆ, ಯಾವ ವರ್ಷದ್ದು ಎಂದೂ ಇರುತ್ತದೆ, ಮತ್ತು ನೀವು ಒಮ್ಮೆ ನೋಡಿ ಒಪ್ಪಿದ ಮೇಲೆಯೇ ಹಾಕುತ್ತಾರೆ. ನಿನ್ನೆಯೇ ದೇವೇಂದ್ರ ಸರ್ ತಾವೇ ಕೂತು ಆ ಅಕ್ಷರ ಹಾಕಿದ್ದರು. ಅನುದಾನ ಏನೂ ಜಾಸ್ತಿ ಆಗಿಲ್ಲ. "ಇದಕ್ಕೆ ಖರ್ಚೇ ಇಲ್ವಲ್ಲ, ನಿಲ್ಲಿಸೋಕೆ ಕಾರಣ ಸಿಗ್ತಿಲ್ಲ ಅಂತ ಮೇಲಿನವರು ಪೇಚಾಡ್ತಿದಾರೆ" ಎಂದು ದೇವೇಂದ್ರ ಸರ್ ನಗುತ್ತಿದ್ದರು. ಮುಂದಿನದು ನಿಮ್ಮ ಸೂಲಿಬೆಲೆ ಡೇರಿ. ಈ ಸಲ ಯಾರೂ ನಿಮ್ಮನ್ನು ಕೇಳದೆ ಮಾತು ಕೊಟ್ಟಿಲ್ಲ, ಆದ್ದರಿಂದ ಈಗ ಕೇಳುತ್ತಿದ್ದೇನೆ.

ಅವತ್ತು ನೀವು ಕ್ಯಾಮೆರಾ ಮುಂದೆ ಇದ್ದಿರಿ. ಹಿಂದೆ ಏನಾಯಿತು ಎಂದು ನಿಮಗೆ ಗೊತ್ತಿಲ್ಲ, ಅದನ್ನು ಬರೆಯುತ್ತೇನೆ.

ಆರು ಇಪ್ಪತ್ತಕ್ಕೆ ಗೊತ್ತಾಯಿತು, ಪರದೆಯ ಮೇಲೆ ಅಕ್ಷರ ಹಾಕುವವರನ್ನೂ ಚಾನೆಲ್‌ನಲ್ಲಿ ತೆಗೆದುಬಿಟ್ಟಿದ್ದಾರೆ, ನಂಬರ್ ತೋರಿಸಲು ದಾರಿಯಿಲ್ಲ. ಪವಿತ್ರ ಡೇರಿಯ ಕಪ್ಪು ಹಲಗೆಯಲ್ಲಿ ಹಾಲಿನ ರೇಟ್ ಬರೆದಿದ್ದದ್ದನ್ನು ಸೆರಗಿನಿಂದ ಒರೆಸಿದಳು. ಡೇರಿ ಸೆಕ್ರೆಟರಿ, "ಏಯ್, ಇವತ್ತಿನ ರೇಟು ಕಣಮ್ಮ ಅದು" ಎಂದು ಕೂಗಿದರು. "ಎಲ್ರಿಗೂ ಬಾಯಿಪಾಠ ಆಗೈತೆ ಬಿಡು ಮಾವ" ಎಂದು ಹೇಳಿ ಸೀಮೆಸುಣ್ಣದಲ್ಲಿ 'ನೇರಪ್ರಸಾರ' ಎಂದು ಬರೆದು, ಕೆಳಗೆ ನನ್ನ ನಂಬರ್ ಬರೆದಳು. ನಿಮ್ಮ ಹಿಂದೆ ಅರ್ಧ ಗಂಟೆ ಇದ್ದದ್ದು ಅದೇ. ಯಾರೂ ಅಚ್ಚು ಹಾಕಿದ್ದಲ್ಲ, ಬೇಕೆಂದಾಗ ಒರೆಸಬಹುದಾದದ್ದು.

ನಾನು ಹಾಲಿನ ಕ್ಯಾನುಗಳ ಹಿಂದೆ ಕೂತಿದ್ದೆ. ನೀವು, "ನನ್ನ ಕೂದಲು ನೋಡಿ ಗಾಬರಿಯಾಗಬೇಡಿ, ಇದು ಇವತ್ತಿನ ನಾನು. ಮೊದಲು ಒಂದು ಹಳೆಯ ಉತ್ತರವನ್ನು ವಾಪಸ್ ತಗೋಬೇಕು" ಎಂದು ಚರ್ಮಗಂಟಿನ ಬಗ್ಗೆ ಶುರು ಮಾಡಿದಿರಲ್ಲ, ಆಗ ಡೇರಿಯಲ್ಲಿ ಕ್ಯಾನಿಗೆ ಹಾಲು ಸುರಿಯುವುದನ್ನೂ ನಿಲ್ಲಿಸಿದರು. ಗೋಪಾಲಪ್ಪನವರು ನಂದಗುಡಿಯಿಂದ ಬೈಕಿನಲ್ಲಿ ಬಂದು ಹಿಂದೆ ನಿಂತಿದ್ದರು. ಪಕ್ಕದವರಿಗೆ, "ನನ್ ಹಸು ವಿಚಾರಾನೇ ಹೇಳ್ತಾ ಇರೋದು. ಈಗ ಎರಡೂ ಹೊತ್ತು ಹಾಲು ಕೊಡ್ತೈತೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಪವಿತ್ರಳ ಹತ್ತಿರ ಬಂದು, "ನೀನೇನಾ ಅವ್ವ ಅವತ್ತು ಬೈದೋಳು? ಚೆನ್ನಾಗ್ ಬೈದೆ" ಎಂದರು.

ಫೋನ್ ನಿಲ್ಲಲೇ ಇಲ್ಲ. ಮೂರನೇ ಕರೆಯಲ್ಲಿ, ಹೊಸಪೇಟೆಯಿಂದ, "ನಮ್ಮನೇಲಿ ಒಂದು ವಯಸ್ಸಾದ ಎತ್ತಿದೆ, ಮನೆ ಬಿಟ್ಟು ಹೋದ್ರೆ ಹುರುಪಾಗುತ್ತೆ, ಇದಕ್ಕೆ ಕಾರಣವೇನು?" ಎಂದು ಕೇಳಿದವರು ಯಾರೆಂದು ನಿಮಗೆ ಅಲ್ಲೇ ಗೊತ್ತಾಗಿರಬೇಕು, ನಿಮ್ಮ ಕಿವಿ ಕೆಂಪಾದದ್ದನ್ನು ಕ್ಯಾಮೆರಾ ಹಿಡಿದಿದೆ.

ಅದರ ಮುಂದಿನದು ಅಕ್ಕಯಮ್ಮ. ನೀವು ಕೇಳಿದ್ದು ಅವರ ಪ್ರಶ್ನೆಯನ್ನು ಮಾತ್ರ. ಸ್ಪೀಕರಿಗೆ ಕೊಡುವ ಮೊದಲು ಅವರು ನನ್ನ ಕಿವಿಯಲ್ಲಿ ಕೇಳಿದ್ದು ನಿಮಗೆ ಕೇಳಿಸಿಲ್ಲ. ಇಷ್ಟು ತಿಂಗಳಿಂದ ಬುಧವಾರ ಬಂದರೆ ನಾನು ಹೆದರುತ್ತಿದ್ದದ್ದು ಆ ಒಂದು ಪ್ರಶ್ನೆಗೇ. ಪ್ರತಿ ಸಲ ಏನೋ ಹೇಳಿ ಮಾತು ಮರೆಸುತ್ತಿದ್ದೆ. ಅವತ್ತು ಆರು ಇಪ್ಪತ್ತಕ್ಕೆ ಮುಖ ತೊಳೆಯುವುದೇ ಮರೆತುಹೋಗಿತ್ತು ಸರ್, ಆಮೇಲೆ ಗಮನಿಸಿದೆ.

"ಮಗಾ, ನಾನೀಗ ಟೀವೀಲಿ ಬತ್ತಾ ಇದೀನಾ?"

ಬರೀ ನಿಮ್ಮ ದನಿ ಬರುತ್ತದೆ ಅಜ್ಜಿ, ಮುಖ ಬರುವುದಿಲ್ಲ ಎಂದು ನಿಜವನ್ನೇ ಹೇಳಿದೆ.

"ಮುಖ ತಗೊಂಡು ಏನ್ ಮಾಡಾನ" ಎಂದರು. "ಡಾಕ್ಟ್ರಿಗೆ ಕೇಳಿಸ್ತದಾ?"

"ಕೇಳಿಸುತ್ತೆ ಅಕ್ಕಯಮ್ಮ" ಎಂದೆ. "ಇಲ್ಲೇ ನಿಂತಿದಾರೆ. ಮಾತಾಡಿ."

ನಿಶತ್